ಕ್ರೋಮ್ ಅಲಾಯ್‌ಗೆ ಮನೆಯಲ್ಲೇ ಬಣ್ಣ: ನಾಲ್ಕು ಮಳೆಗಾಲದ ನಂತರ ಎರಡು ಉಳಿದಿವೆ, ಎರಡನ್ನು ಬೆಂಗಳೂರಿನ ಪೀಣ್ಯಕ್ಕೆ ಒಯ್ಯಬೇಕಾಯಿತು

ನನ್ನದು 2012ರ ಹೋಂಡಾ ಸಿಟಿ. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು ಹೊರಗಡೆ ಹಾಕಿಸಿದ್ದ 15 ಇಂಚಿನ ಕ್ರೋಮ್ ಅಲಾಯ್, ಅಂದರೆ ಕ್ರೋಮ್ ಲೇಪ ಇರುವ ಅಲ್ಯೂಮಿನಿಯಂ ರಿಮ್ಮು, ಕಾರಿನ ಜೊತೆಗೇ ಬಂತು. ಮನೆ ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಗೇಟಿನ ತಿರುಗಣೆ, ಕಿಟಕಿಯ ಸರಳು ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಎರಡು ವರ್ಷದಲ್ಲಿ ರಿಮ್ಮಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಂದನ್ನು ಉಗುರಿನಿಂದ ಕೆದಕಿದೆ. ಹಾಳೆಯ ಹಾಗೆ ಕ್ರೋಮ್ ಎದ್ದು ಬಂತು, ಅಡಿಯಲ್ಲಿ ಬಿಳಿ ಹುಡಿ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದು ಹಾಗೆಯೇ, ಕೆಂಪಗೆ ಅಲ್ಲ, ಬೆಳ್ಳಗೆ.

ಹೊಸ ಅಲಾಯ್ ಸೆಟ್ ಹಾಕುವಷ್ಟು ದುಡ್ಡು ಆಗ ಇರಲಿಲ್ಲ. 2021ರ ನವೆಂಬರ್‌ನಲ್ಲಿ ನಾಲ್ಕಕ್ಕೂ ನಾನೇ ಬೂದುಗಪ್ಪು ಬಣ್ಣ ಹಚ್ಚಿದೆ. ವಾಟರ್ ಪೇಪರ್, ಮಾಸ್ಕ್, ಬಣ್ಣದ ಅಡಿಗೆ ಹಾಕುವ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಲ್ಯಾಕರ್ ಎಲ್ಲಾ ಸೇರಿ 6,200 ರೂಪಾಯಿ. ಸಮಯ ಎರಡು ಶನಿವಾರ, ಎರಡು ಭಾನುವಾರ.

ಸಮಯ ಹೋಗಿದ್ದು ಪೂರ್ತಿ ಉಜ್ಜುವುದರಲ್ಲೇ. ಕ್ರೋಮ್ ಎಷ್ಟು ಗಟ್ಟಿ ಅಂದರೆ 600ರ ವಾಟರ್ ಪೇಪರ್‌ನಲ್ಲಿ ಎಷ್ಟು ಉಜ್ಜಿದರೂ ಹೊಳಪು ಹಾಗೇ ಇರುತ್ತದೆ. ಹೊಳಪು ಇದ್ದ ಕಡೆ ಪ್ರೈಮರ್ ಹಿಡಿಯುವುದಿಲ್ಲ, ಒಣಗಿದ ಮೇಲೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಹಾಗಾಗಿ 180ರಿಂದ ಶುರು ಮಾಡಿದೆ, ಆಮೇಲೆ 320 (ನಂಬರ್ ಕಡಿಮೆ ಇದ್ದಷ್ಟೂ ಪೇಪರ್ ಒರಟು). ಒಂದೊಂದು ರಿಮ್ಮಿಗೆ ಮೂರು ಗಂಟೆ. ಕಡ್ಡಿಗಳ ಒಳಮೂಲೆಗಳಲ್ಲಿ ಬೆರಳು ಹೋಗುವುದಿಲ್ಲ, ಪೇಪರನ್ನು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ ಉಜ್ಜಬೇಕು. ಬೇಜಾರಾಗಿ ಬಿಟ್ಟ ಮೂಲೆ ಯಾವುದು ಅಂತ ಮುಂದಿನ ಮಳೆಗಾಲದಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ದಯವಿಟ್ಟು ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿಯೇ ಉಜ್ಜಿ. ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಅದರ ಅಡಿಯಲ್ಲಿ ಇರುವುದು ನಿಕಲ್. ಆ ಹುಡಿ ಉಸಿರಿನ ಜೊತೆ ಒಳಗೆ ಹೋಗಬಾರದು. ಕೆಲವರಿಗೆ ನಿಕಲ್ ಮುಟ್ಟಿದರೂ ಚರ್ಮ ಕೆರೆತ ಬರುತ್ತದೆ. ನಮ್ಮ ಊರಲ್ಲಿ ಮನೆಮನೆಗೆ ಬಾವಿ, ಉಜ್ಜಿದ ನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ. ನಾನು ಹಳೆಯ ಬಕೆಟ್‌ನಲ್ಲಿ ಹಿಡಿದು, ಕೆಸರು ತಳಕ್ಕೆ ಕೂತ ಮೇಲೆ ಅದನ್ನು ಬೇರೆ ಕಟ್ಟಿಟ್ಟೆ.

ಇನ್ನೊಂದು, ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಕ್ರೋಮ್ ಕರಗುತ್ತದೆ ಅಂತ ನನಗೂ ಇಬ್ಬರು ಹೇಳಿದ್ದರು. ಕರಗುವುದು ನಿಜ. ಆದರೆ ಆ ಹೈಡ್ರೋಕ್ಲೋರಿಕ್ ಆಸಿಡ್ ಅಡಿಯ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಜೊತೆಗೆ ಹೊಗೆ, ಜೊತೆಗೆ ಉಳಿಯುವ ವಿಷದ ನೀರು. ಇದನ್ನು ಮನೆಯಲ್ಲಿ ಮಾಡಲೇಬೇಡಿ.

ಟೈರ್ ಬಿಚ್ಚಿಸದೇ ಹಚ್ಚುವವರಿಗೆ ಒಂದು ಉಪಾಯ ಹೇಳುತ್ತೇನೆ. ಹಳೆಯ ಮದುವೆ ಕಾರ್ಡುಗಳನ್ನು ರಿಮ್ಮಿಗೂ ಟೈರಿಗೂ ನಡುವೆ ಒಂದರ ಪಕ್ಕ ಒಂದು ಸಿಕ್ಕಿಸುತ್ತಾ ಹೋಗಿ. ದಪ್ಪ ಕಾಗದ ಅಲ್ವಾ, ಚೆನ್ನಾಗಿ ನಿಲ್ಲುತ್ತದೆ. ಟೈರಿನ ಮೇಲೆ ಒಂದು ಹನಿ ಬೀಳಲಿಲ್ಲ. ನಟ್ ಕೂರುವ ಗುಳಿ ಮತ್ತು ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ಭಾಗ) ತಾಗುವ ಹಿಂಭಾಗ ಇವೆರಡಕ್ಕೂ ಟೇಪ್ ಅಂಟಿಸಲೇಬೇಕು. ಅಲ್ಲಿ ಬಣ್ಣ ಕೂತರೆ ಓಡಾಟದಲ್ಲಿ ಅದು ನುಜ್ಜಾಗಿ ನಟ್ ಸಡಿಲ ಆಗುತ್ತದೆ. ನನ್ನ ಕಾರಿಗೆ 108 ನ್ಯೂಟನ್ ಮೀಟರ್ ಬಿಗಿ ಬೇಕು. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿದೆ.

ಹವೆಯ ಬಗ್ಗೆಯೂ ಹೇಳಬೇಕು. ಮೂರು ರಿಮ್ಮಿಗೆ ಬೆಳಿಗ್ಗೆ ಹತ್ತರಿಂದ ಎರಡರ ಒಳಗೆ ಹಚ್ಚಿದೆ, ಚೆನ್ನಾಗಿ ಬಂತು. ನಾಲ್ಕನೆಯದು ಸಂಜೆಯಾಯಿತು. ಲ್ಯಾಕರ್ ಒಣಗುತ್ತಾ ಹಾಲಿನ ಹಾಗೆ ಬೆಳ್ಳಗಾಯಿತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಮರುದಿನ ಉಜ್ಜಿ ಮತ್ತೆ ಹಚ್ಚಿದೆ. ಕರಾವಳಿಯವರು ಮೇ ಕೊನೆಯಿಂದ ಅಕ್ಟೋಬರ್ ತನಕ ಬಣ್ಣದ ಡಬ್ಬಿ ಮುಟ್ಟದೇ ಇರುವುದೇ ಒಳ್ಳೆಯದು. ಎರಡು ಭಾಗ ಬೆರೆಸುವ ಗಟ್ಟಿ ಲ್ಯಾಕರ್ ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಅದರಲ್ಲಿ ಐಸೊಸೈನೇಟ್ ಅನ್ನುವ, ಶ್ವಾಸಕೋಶಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಅದಕ್ಕೆ ತಕ್ಕ ಉಸಿರಾಟದ ಸಲಕರಣೆ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಸಾಧಾರಣ ಸ್ಪ್ರೇ ಲ್ಯಾಕರ್ ಹಾಕಿದೆ.

ಮೊದಲ ಆರು ತಿಂಗಳು ನಾಲ್ಕೂ ಹೊಸದರ ಹಾಗೆ ಇದ್ದವು. ಆಫೀಸಿನಲ್ಲಿ ಎಲ್ಲಿ ಮಾಡಿಸಿದ್ದು ಅಂತ ಕೇಳಿದವರಿದ್ದಾರೆ, ನನಗೂ ತುಂಬಾ ಖುಷಿಯಾಗಿತ್ತು. 2022ರ ಆಗಸ್ಟ್‌ನಲ್ಲಿ ಮುಂದಿನ ಎರಡು ರಿಮ್ಮುಗಳಲ್ಲಿ ಗುಳ್ಳೆ ಬಂತು. ಅದೇ ಹಳೆಯ ಜಾಗಗಳ ಸುತ್ತ. ಡಿಸೆಂಬರ್‌ನಲ್ಲಿ ಅವೆರಡನ್ನೂ ಮತ್ತೆ ಉಜ್ಜಿ, ಈ ಸಲ ಎಪಾಕ್ಸಿ ಪ್ರೈಮರ್ ತಂದು ಹಚ್ಚಿದೆ, ಇನ್ನೊಂದು 2,900 ಹೋಯಿತು. 2023ರ ಆಯುಧಪೂಜೆಗೆ ಕಾರು ತೊಳೆದು ಚಕ್ರಕ್ಕೆ ಕುಂಕುಮ ಹಚ್ಚುವಾಗ ಬೆರಳಿಗೆ ಎರಡು ರೂಪಾಯಿ ಅಗಲದ ಚಕ್ಕೆ ಎದ್ದು ಬಂತು. ತಿರುಗಿಸಿ ನೋಡಿದೆ. ಚಕ್ಕೆಯ ಮುಂಭಾಗ ನನ್ನ ಬಣ್ಣ, ಹಿಂಭಾಗ ಹೊಳೆಯುವ ಲೋಹ. ಅಂದರೆ ಪ್ರೈಮರ್ ಕ್ರೋಮ್ ಅನ್ನು ಬಿಟ್ಟಿರಲಿಲ್ಲ, ಕ್ರೋಮೇ ಅಲಾಯ್ ಅನ್ನು ಬಿಟ್ಟಿತ್ತು.

ಜೊತೆಗೆ ಮುಂದಿನ ಎಡ ಚಕ್ರದಲ್ಲಿ ವಾರಕ್ಕೆ ನಾಲ್ಕೈದು ಪಿಎಸ್‌ಐ ಗಾಳಿ ಇಳಿಯುತ್ತಿತ್ತು. ಎರಡು ಕಡೆ ಪಂಕ್ಚರ್ ನೋಡಿಸಿದೆ, ಸಿಗಲಿಲ್ಲ. ಮೂರನೇ ಅಂಗಡಿಯ ಹುಡುಗ ರಿಮ್ಮಿನ ಅಂಚಿಗೆ ಸೋಪು ನೀರು ಹಾಕಿ ತೋರಿಸಿದ. "ಅಣ್ಣ, ಟೈರ್ ಸರಿ ಉಂಟು, ಟೈರ್ ಕೂರುವ ಜಾಗವೇ ಎದ್ದಿದೆ" ಅಂದ. ಅಲ್ಲಿ ಕ್ರೋಮ್ ಸುಲಿದು ಬಿಳಿ ಹುಡಿ ಕೂತಿತ್ತು, ಆ ಸಂದಿಯಿಂದ ಗಾಳಿ ಹೋಗುತ್ತಿತ್ತು. ಟೈರ್ ಬಿಚ್ಚದೇ ಹೊರಗಿನಿಂದ ನಾನು ಹಚ್ಚಿದ ಬಣ್ಣ ಆ ಜಾಗದ ತನಕ ಹೋಗಿಯೇ ಇರಲಿಲ್ಲ.

ಆಗ ಹೊರಗೆ ಮಾಡಿಸುವುದು ಅಂತ ತೀರ್ಮಾನ ಮಾಡಿದೆ. ಬೈಕಂಪಾಡಿಯಲ್ಲಿ ಒಬ್ಬರು ಎರಡೇ ದಿನದಲ್ಲಿ, ಸುಮ್ನೆ ಮರಳು ಹೊಡೆದು ಬಣ್ಣ ಹಾಕಿ ಕೊಡುತ್ತೇವೆ, ಒಂದಕ್ಕೆ 1,800 ಅಂದರು. ಇನ್ನೊಬ್ಬರು ಕ್ರೋಮ್ ಅಂತ ಕೇಳಿದ ತಕ್ಷಣ ಬೇಡ ಅಂದರು, ಕ್ರೋಮ್ ತೆಗೆಸಿಕೊಂಡು ಬನ್ನಿ ಅಂದರು. ಆ ಎರಡನೆಯವರ ಮಾತು ನನಗೆ ನಂಬಿಕೆ ತಂದಿತು. ತಮ್ಮ ಬೆಂಗಳೂರಿಗೆ ಹೊರಟಿದ್ದ, ಎರಡು ರಿಮ್ಮು ಅವನ ಡಿಕ್ಕಿಯಲ್ಲಿ ಹಾಕಿ ನಾನೂ ಹೋದೆ. ಪೀಣ್ಯದ ಒಂದು ಪ್ಲೇಟಿಂಗ್ ಅಂಗಡಿಯವರು ರಿಮ್ಮನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇವತ್ತಿಗೂ ನೆನಪಿದೆ. "ಸರ್, ನಿಮ್ಮ ಬಣ್ಣ ಕ್ರೋಮನ್ನ ಚೆನ್ನಾಗೇ ಹಿಡ್ಕೊಂಡಿದೆ. ಆ ಕ್ರೋಮ್ ಯಾವುದನ್ನ ಹಿಡ್ಕೊಂಡಿದೆ ಅಂತ ನೋಡಿದ್ರಾ?"

ಅವರು ಮಾಡುವುದು ಹೀಗೆ. ಪ್ಲೇಟಿಂಗ್ ಮಾಡುವಾಗ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಲೋಹ ಕೂರಿಸುತ್ತಾರಲ್ಲ, ಅದೇ ಕರೆಂಟನ್ನು ಉಲ್ಟಾ ಹರಿಸಿ ಬಿಡಿಸುತ್ತಾರೆ. ಕ್ರೋಮ್ ಒಂದು ಸಲ, ಅಡಿಯ ನಿಕಲ್ ಮತ್ತು ತಾಮ್ರ ಬೇರೆ. ಕಬ್ಬಿಣಕ್ಕೆ ಬಳಸುವ ಕಾಸ್ಟಿಕ್ ಸೋಡಾ ಇಲ್ಲಿ ನಡೆಯುವುದಿಲ್ಲ, ಅದು ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ. ಎಲ್ಲಾ ಬಿಡಿಸಿದ ಮೇಲೆ ರಿಮ್ಮು ಹೊಳಪೇ ಇಲ್ಲದ ಬೂದು ಬಣ್ಣದ್ದಾಯಿತು, ಗುಳಿ ಬಿದ್ದ ಜಾಗಗಳು ಎದ್ದು ಕಂಡವು. ಬಿರುಕು ಇದೆಯಾ ಅಂತ ನೋಡಲು ಇದೇ ಸರಿಯಾದ ಹೊತ್ತು, ಬಣ್ಣ ಬಿದ್ದ ಮೇಲೆ ಎಲ್ಲಾ ಮುಚ್ಚಿಹೋಗುತ್ತದೆ. ಆಮೇಲೆ ಪೌಡರ್ ಕೋಟಿಂಗ್. ಒಣ ಹುಡಿಗೆ ವಿದ್ಯುತ್ತಿನ ಚಾರ್ಜ್ ಕೊಟ್ಟು ಸಿಂಪಡಿಸಿ, ಸುಮಾರು 200 ಡಿಗ್ರಿ ಓವನ್‌ನಲ್ಲಿ ಬೇಯಿಸುತ್ತಾರೆ. ಹುಡಿ ಕರಗಿ ಒಂದೇ ಚರ್ಮದ ಹಾಗೆ ಆಗುತ್ತದೆ. ಟೈರ್ ಕೂರುವ ಅಂಚನ್ನೂ ಸ್ವಚ್ಛ ಮಾಡಿಕೊಟ್ಟರು.

ಖರ್ಚು: ಬಿಡಿಸಲು ಒಂದಕ್ಕೆ 2,500, ಪೌಡರ್ ಕೋಟಿಂಗ್ 2,200. ಎರಡಕ್ಕೆ 9,400. ಟೈರ್ ಬಿಚ್ಚಿ ಹಾಕಿದ್ದು, ಹೊಸ ವಾಲ್ವ್, ಬ್ಯಾಲೆನ್ಸಿಂಗ್ ಸೇರಿ ಇನ್ನೊಂದು 1,200. ಒಂಬತ್ತು ದಿನ ಕಾರು ಸ್ಟ್ಯಾಂಡ್ ಮೇಲೆ ನಿಂತಿತ್ತು.

ಈಗಿನ ಸ್ಥಿತಿ ಹೇಳುತ್ತೇನೆ, ಇದು ಮುಖ್ಯ. ಹಿಂದಿನ ಎರಡು ರಿಮ್ಮು, ಅಂದರೆ ನಾನೇ ಹಚ್ಚಿದ್ದು, 2025ರ ಮಳೆಗಾಲ ಮುಗಿದ ಮೇಲೂ ಗಟ್ಟಿ ಇವೆ. ಅವುಗಳಲ್ಲಿ ಮೊದಲಿಂದಲೂ ಗುಳ್ಳೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಹೊಳಪು ಮಂಕಾಗಿದೆ, ಕಲ್ಲು ಹಾರಿ ಐದಾರು ಚುಕ್ಕೆ ಬಿದ್ದಿವೆ, ಅವಕ್ಕೆ ಉಳಿದ ಡಬ್ಬಿಯ ಬಣ್ಣವನ್ನೇ ಕುಂಚದಲ್ಲಿ ಮುಟ್ಟಿಸಿದೆ. ಪೌಡರ್ ಹಾಕಿದ ಮುಂದಿನವು ಎರಡು ವರ್ಷದಲ್ಲಿ ಎಲ್ಲೂ ಎದ್ದಿಲ್ಲ. ಶಿರಾಡಿ ಘಾಟಿಯಲ್ಲಿ ಬ್ರೇಕ್ ಬಿಸಿಯಾಗಿ ಕೂತ ಕಪ್ಪು ಹುಡಿ ಬರೀ ಶಾಂಪೂ ನೀರಿಗೆ ಹೋಗುತ್ತದೆ. ಆದರೆ ಒಂದು ಟೈರ್ ಅಂಗಡಿಯಲ್ಲಿ ಗಾಳಿ ಗನ್‌ನ ಸಾಕೆಟ್ ತಾಗಿ ನಟ್ಟಿನ ಸುತ್ತ ಬಣ್ಣ ಕಿತ್ತುಬಂತು, ಅದನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ, ಮುಟ್ಟಿಸಿದ ಬಣ್ಣ ಬೇರೆಯೇ ಕಾಣುತ್ತದೆ. ಈಗ ನಟ್ ಕೈಯಲ್ಲೇ ಬಿಚ್ಚಿ ಅಂತ ಮೊದಲೇ ಹೇಳುತ್ತೇನೆ. ಮುಂದಿನ ಮತ್ತು ಹಿಂದಿನ ಬಣ್ಣದಲ್ಲಿ ಬಿಸಿಲಿಗೆ ಸ್ವಲ್ಪ ವ್ಯತ್ಯಾಸ ಇದೆ, ನನಗೆ ಕಾಣುತ್ತದೆ, ಬೇರೆಯವರು ಯಾರೂ ಹೇಳಿಲ್ಲ.

ನಿಮ್ಮ ರಿಮ್ಮು ಮನೆಯಲ್ಲಿ ಮಾಡುವಂಥದ್ದಾ, ಹೊರಗೆ ಕೊಡುವಂಥದ್ದಾ ಅಂತ ತಿಳಿಯಬೇಕಾದರೆ ಮೊದಲು ತೊಳೆದು ಒರೆಸಿ, ಒಳ್ಳೆಯ ಪ್ಯಾಕಿಂಗ್ ಟೇಪನ್ನು ಅಂಚಿಗೆ, ಕಡ್ಡಿಯ ಬುಡಕ್ಕೆ, ವಾಲ್ವ್ ಸುತ್ತ ಒತ್ತಿ ಅಂಟಿಸಿ ಒಂದೇ ಸಲಕ್ಕೆ ಎಳೆಯಿರಿ. ಟೇಪಿನಲ್ಲಿ ಬೆಳ್ಳಿ ಚೂರು ಬಂದರೆ ಡಬ್ಬಿ ತರಲು ಹೋಗಬೇಡಿ ಮಾರಾಯ್ರೆ, ಆ ದುಡ್ಡನ್ನು ಕ್ರೋಮ್ ತೆಗೆಸಲು ಇಡಿ. ಎಲ್ಲೂ ಏಳದಿದ್ದರೆ ಧೈರ್ಯವಾಗಿ ಮನೆಯಲ್ಲೇ ಮಾಡಿ, ಮೂರು ಗಂಟೆ ಉಜ್ಜುವ ತಾಳ್ಮೆ ಇದ್ದರೆ ಸಾಕು. ಹೊರಗೆ ಕೊಡುವಾಗ ಕ್ರೋಮ್ ಹೇಗೆ ತೆಗೆಯುತ್ತೀರಿ ಅಂತ ಕೇಳಿ. ಅದರ ಮೇಲೆಯೇ ಹಾಕುತ್ತೇವೆ ಅಂದರೆ ಅಲ್ಲಿಂದ ವಾಪಸ್ ಬನ್ನಿ, ನೀವು ಮನೆಯಲ್ಲಿ ಮಾಡುವುದನ್ನೇ ಅವರು ಜಾಸ್ತಿ ದುಡ್ಡಿಗೆ ಮಾಡುತ್ತಾರೆ.

ಮುಂದಿನ ಎಡ ಚಕ್ರಕ್ಕೆ ಕಳೆದ ತಿಂಗಳು 33 ಪಿಎಸ್‌ಐ ಗಾಳಿ ಹಾಕಿಸಿದ್ದೆ. ನಿನ್ನೆ ನೋಡಿದಾಗ 32 ಇತ್ತು.