ಲಂಗರಿನ ಬಾರ್ಜೋ, ಡಿಪಿ ಹಡಗೋ: ಎರಡರಲ್ಲೂ ದುಡಿದು ನೋಡಿದ್ದು

ಗಂಗಾವತಿ ಕಡೆಯ ಹುಡುಗರು ಸಮುದ್ರದ ರಿಗ್ಗರ್ ಕೆಲಸಕ್ಕೆ, ಅಂದರೆ ಭಾರದ ಸರಕನ್ನು ಕ್ರೇನಿಗೆ ಕಟ್ಟಿ ಎತ್ತಿ ಇಳಿಸುವ ಕೆಲಸಕ್ಕೆ, ಹೊರಡುವ ಮುಂಚೆ ನನ್ನ ಹತ್ತಿರ ಬಂದು ಕೇಳುವುದು ಒಂದೇ: "ಅಣ್ಣಾ, ಪಗಾರ ಎಷ್ಟು ಬರತೈತಿ?" ಪಗಾರ ಆಮೇಲಿನ ಮಾತು. ಹಡಗು ನೀರಿನ ಮೇಲೆ ಹೇಗೆ ನಿಲ್ಲುತ್ತದೆ ಅಂತ ಮೊದಲು ಕೇಳಿಕೊಳ್ಳಬೇಕು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸಗಳಲ್ಲಿ ಸರಕು ಕಟ್ಟುವ ಸ್ಲಿಂಗು, ಶಾಕಲ್ ಹಿಡಿಯಲು ಕಲಿತು ನಾನು ಬಾಂಬೆ ಹೈಗೆ ಹೋದೆ. 1974ರಲ್ಲಿ ಎಣ್ಣೆ ಸಿಕ್ಕ ಆ ಜಾಗ ಸಮುದ್ರದೊಳಗೆ ಮುಂಬೈಯಿಂದ ಸುಮಾರು 160 ಕಿ.ಮೀ. ದೂರ. ಅಲ್ಲಿ ಒಂದು ಸೀಸನ್ ಬಾರ್ಜಿನಲ್ಲಿ, ಅಂದರೆ ಲಂಗರಿನ ಮೇಲೆ ನಿಲ್ಲುವ ಚಪ್ಪಟೆ ತಳದ ಹಡಗಿನಲ್ಲಿ, ಎರಡು ಸೀಸನ್ ಡಿಪಿ ಹಡಗಿನಲ್ಲಿ ದುಡಿದೆ. ಡಿಪಿ ಅಂದರೆ ಡೈನಾಮಿಕ್ ಪೊಸಿಷನಿಂಗ್, ಲಂಗರಿಲ್ಲದೆ ಕಂಪ್ಯೂಟರಿನ ಬಲದಲ್ಲಿ ನಿಂತಲ್ಲೇ ನಿಲ್ಲುವುದು.

ನಮ್ಮ ಬಾರ್ಜಿಗೆ ಓಡುವ ಎಂಜಿನ್ ಇರಲಿಲ್ಲ. ಟಗ್ ಎಳೆದು ತಂದ ಮೇಲೆ ಎಂಟು ಲಂಗರುಗಳನ್ನು ಒಂದೊಂದಾಗಿ ಒಯ್ದು ಸುತ್ತಲೂ ಇಳಿಸಬೇಕು. ತಳದಲ್ಲಿ ಪೈಪ್‌ಲೈನುಗಳಿರುವುದರಿಂದ ಒಂದು ಲಂಗರು ತಪ್ಪಿ ಬಿದ್ದರೂ ಅನಾಹುತ. ಒಮ್ಮೆ ಜಾಗ ಹಿಡಿಯುವಷ್ಟರಲ್ಲೇ ಇಡೀ ಹಗಲು ಕಳೆಯಿತು. ನಿಂತ ಮೇಲೆ ಡೀಸೆಲ್ ಖರ್ಚು ಕಡಿಮೆ, ರಾತ್ರಿ ಒಳ್ಳೆ ನಿದ್ದೆ.

ಡಿಪಿ ಹಡಗು ಆನೆಗೊಂದಿಯ ಹರಿಗೋಲಿನವನ ಹಾಗೆ. ಆತ ತುಂಗಭದ್ರೆಯ ಸೆಳವಿನಲ್ಲಿ ಹಗ್ಗ ಕಟ್ಟದೆ, ಬರೀ ಹುಟ್ಟು ತಿರುವುತ್ತ ಹರಿಗೋಲನ್ನು ಬಂಡೆಯ ಪಕ್ಕ ನಿಲ್ಲಿಸುತ್ತಾನೆ. ಇಲ್ಲಿ ಜಿಪಿಎಸ್, ದಿಕ್ಕು ತೋರುವ ಗೈರೊ, ಗಾಳಿಯ ಅಳತೆ ನೋಡಿಕೊಂಡು ಕಂಪ್ಯೂಟರು ಹಡಗನ್ನು ತಳ್ಳುವ ಪಂಖಗಳಾದ ಥ್ರಸ್ಟರುಗಳನ್ನು ತಿರುಗಿಸುತ್ತಲೇ ಇರುತ್ತದೆ. ಡಿಪಿ-2 ದರ್ಜೆಯಲ್ಲಿ ಒಂದು ಥ್ರಸ್ಟರೋ ಜನರೇಟರೋ ಕೈಕೊಟ್ಟರೂ ಹಡಗು ಜಾಗ ಬಿಡಬಾರದು. ಆದರೆ ಕೆಳಗಿನ ಕ್ಯಾಬಿನ್ ಸಿಕ್ಕರೆ ಥ್ರಸ್ಟರ್ ಸದ್ದು ಹಾಸಿಗೆಯನ್ನೇ ನಡುಗಿಸುತ್ತದೆ, ಡೀಸೆಲ್ ನಿಂತಲ್ಲೇ ಸುಡುತ್ತದೆ.

ನಾನು ಮನಸೋತದ್ದು ಡಿಪಿ ಹಡಗಿನ ಕ್ರೇನಿಗೆ. ಬಾರ್ಜಿನಲ್ಲಿ ಅಲೆ ಎದ್ದರೆ ಕೊಕ್ಕೆಯೂ ಏಳುತ್ತದೆ, ಸರಕು ತಳಕ್ಕೆ ಕುಕ್ಕುತ್ತದೆ. ಈ ಕ್ರೇನು ಅಲೆ ಹಡಗನ್ನು ಎತ್ತಿದಷ್ಟು ವೈರ್ ಬಿಡುತ್ತದೆ, ಇಳಿಸಿದಷ್ಟು ಎಳೆದುಕೊಳ್ಳುತ್ತದೆ. ಆರು ಮೀಟರ್ ಉದ್ದದ ಕಾಂಕ್ರೀಟ್ ಹಾಸನ್ನು ಪೈಪಿನ ಮೇಲೆ ಇಳಿಸುವುದನ್ನು ನೀರಿನಡಿಯ ರೋಬೋಟಾದ ಆರ್‌ಒವಿಯ ಕ್ಯಾಮೆರಾದಲ್ಲಿ ಕಂಡೆ. ಕೌದಿ ಹೊದಿಸಿದಂತೆ ಕೂತಿತು. ಕೆಸರು ಒಂದು ಗೇಣು ಎದ್ದು ಹಾಗೇ ಇಳಿಯಿತು. ಮೇಲೆ ಗಾಳಿ ಜೋರಾಗೇ ಇತ್ತು.

ಡಿಪಿಯೂ ಕೆಡುತ್ತದೆ. 2012ರಲ್ಲಿ ಉತ್ತರ ಸಮುದ್ರದಲ್ಲಿ ಬಿಬ್ಬಿ ಟೋಪಾಜ್ ಹಡಗು ಜಾಗ ತಪ್ಪಿ, ತಳದಲ್ಲಿದ್ದ ಮುಳುಗುಗಾರನ ಉಸಿರಿನ ಕೊಳವೆಯೇ ಹರಿಯಿತು. ಹಡಗನ್ನು ಮತ್ತೆ ಜಾಗಕ್ಕೆ ತಂದು ಅವನನ್ನು ಉಳಿಸಿಕೊಂಡರು. ಬಾರ್ಜು ಲಂಗರು ಕಿತ್ತರೆ ಹಾಗೆ ತಾನಾಗಿ ತಿರುಗಿ ಬರಲಾರದು. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಪಿ-305 ಬಾರ್ಜಿನ ಲಂಗರುಗಳು ಕಿತ್ತವು. ಅದರಲ್ಲಿದ್ದ 261 ಜನರಲ್ಲಿ 70ಕ್ಕೂ ಹೆಚ್ಚು ಮಂದಿ ಮನೆಗೆ ಬರಲಿಲ್ಲ.

ಮೊನ್ನೆ ಕಾರಟಗಿಯ ಹುಡುಗನೊಬ್ಬ ಬಾರ್ಜಿನಲ್ಲಿ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಅಂದ. "ತಮ್ಮಾ, ಆ ನಾಲ್ಕು ಸಾವಿರ ಬಿಡು, ಡಿಪಿ ಹಡಗಿಗೇ ಹೋಗು" ಅಂದೆ. ಬಾರ್ಜೇ ಗತಿಯಾದರೆ, ಗಾಳಿ ಮುನ್ಸೂಚನೆ ಬಂದ ದಿನವೇ ಬಂದರಿಗೆ ಎಳೆಯಲು ಟಗ್ ಪಕ್ಕದಲ್ಲೇ ಇರುತ್ತದೋ ಇಲ್ಲವೋ ಕೇಳಿಕೊಂಡು ಸಹಿ ಹಾಕಲು ಹೇಳಿದ್ದೇನೆ.