ಎರಡು ಆ್ಯಪ್, ಒಂದು ತಕ್ಕಡಿ: ಕ್ಯಾಲೊರಿ ಲೆಕ್ಕಕ್ಕೆ ನಮ್ಮ ಮನೆಯಲ್ಲಿ ಉಳಿದದ್ದು

ಮೊದಲೇ ಹೇಳಿಬಿಡುತ್ತೇನೆ. ನನ್ನ ಕೈ ಹಿಡಿದದ್ದು 450 ರೂಪಾಯಿಯ ಅಡುಗೆಮನೆ ತಕ್ಕಡಿ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್. ಅದಕ್ಕೂ ಮುಂಚೆ ಒಂದು ಆ್ಯಪ್‌ಗೆ ವರ್ಷದ ಚಂದಾ ಅಂತ 2,400 ರೂಪಾಯಿ ಕಟ್ಟಿದ್ದೆ. ಎರಡೇ ತಿಂಗಳಿಗೆ ಬಿಟ್ಟೆ, ದುಡ್ಡು ವಾಪಸ್ ಬರಲಿಲ್ಲ. ಈಗ ಕಟ್ಟಲು ಹೊರಟವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ, 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ತೂಕ 81 ಕೆಜಿ ಇತ್ತು. ಐದಾರು ಕೆಜಿ ಇಳಿಸಿ, ದಿನಕ್ಕೆ 1,600 ಕ್ಯಾಲೊರಿ ಸುತ್ತಮುತ್ತ ಇರಲಿ ಅಂದರು ಡಾಕ್ಟರ್. ಇದೇ ಕಾಯಿಲೆಯಿಂದ ಅಪ್ಪನ ಕಾಲ್ಬೆರಳು ತೆಗೆಸಬೇಕಾಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಾತ್ರೆ ಶುರುವಾಗುವ ಮೊದಲೇ ಏನಾದರೂ ಮಾಡಬೇಕಿತ್ತು.

ಮೊದಲು ಹಾಕಿಕೊಂಡದ್ದು ಒಂದು ವಿದೇಶಿ ಆ್ಯಪ್, ಪುಕ್ಕಟೆಯದು. ಪ್ಯಾಕೆಟ್ ತಿನಿಸಿಗೆ ಅದು ಚೆನ್ನಾಗಿದೆ. ಬಿಸ್ಕತ್ತಿನ ಹೆಸರು ಹೊಡೆದರೆ ತಕ್ಷಣ ಸಿಗುತ್ತದೆ. ಆದರೆ ರಾಗಿ ಮುದ್ದೆ ಅಂತ ಹುಡುಕಿದರೆ ಮೂರು ಉತ್ತರ: ಒಂದು ಮುದ್ದೆಗೆ 115, 230, 410. ಅವನ್ನೆಲ್ಲ ಸೇರಿಸಿದವರು ನನ್ನಂಥ ಬಳಕೆದಾರರೇ. ಯಾರ ಮನೆಯ ಮುದ್ದೆ ಎಷ್ಟು ದೊಡ್ಡದೋ ಯಾರಿಗೆ ಗೊತ್ತು? ಅನ್ನದ್ದು ಇನ್ನೂ ಕಷ್ಟ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ. ಅದೇ ಬೆಂದ ಅನ್ನವಾದರೆ ನೂರು ಗ್ರಾಂಗೆ 130ರ ಆಸುಪಾಸು, ಯಾಕೆಂದರೆ ಉಳಿದದ್ದು ನೀರು. ನಾನು ಎರಡು ವಾರ ಅನ್ನದ ತೂಕಕ್ಕೆ ಅಕ್ಕಿಯ ಲೆಕ್ಕ ಹಾಕಿ, ರಾತ್ರಿ ಊಟವನ್ನೇ ಬಿಟ್ಟು ಮಲಗಿದೆ. ಯಾವುದು ಹಸಿ, ಯಾವುದು ಬೆಂದದ್ದು ಅಂತ ಆ ಪಟ್ಟಿಯಲ್ಲಿ ಎದ್ದು ಕಾಣುವ ಹಾಗೆ ಬರೆದಿರಲೇ ಇಲ್ಲ.

ಆಮೇಲೆ ಚಂದಾ ಕಟ್ಟಿದ್ದು ನಮ್ಮ ದೇಶದ್ದೇ ಇನ್ನೊಂದಕ್ಕೆ. ಅದಕ್ಕೆ ಅಕ್ಕಿ ರೊಟ್ಟಿ ಗೊತ್ತು, ಬಸ್ಸಾರು ಗೊತ್ತು, ಚಿತ್ರಾನ್ನ ಗೊತ್ತು. ಖುಷಿಯಾಗಿತ್ತು. ಆದರೆ ಎಲ್ಲ ಸಾರಿಗೂ ಅದರದ್ದು ಒಂದೇ ಅಳತೆ, 'ಒಂದು ಬಟ್ಟಲು'.

ನನ್ನನ್ನು ಸೋಲಿಸಿದ್ದು ಈ ಬಟ್ಟಲೇ. ಒಂದು ಭಾನುವಾರ ನಮ್ಮ ಮನೆಯ ಬಟ್ಟಲುಗಳನ್ನೆಲ್ಲ ಸಾಲಾಗಿ ಇಟ್ಟು ನೀರು ತುಂಬಿ ಅಳೆದೆ. ಪಾಯಸದ್ದಕ್ಕೆ 110 ಮಿಲಿ. ದಿನಾ ಊಟಕ್ಕೆ ತೆಗೆಯುವುದಕ್ಕೆ 160. ಅಂಚು ಬಾಗಿದ ಹಳೆಯದಕ್ಕೆ 210. ಮಗ ಮೊಸರನ್ನಕ್ಕೆ ಇಟ್ಟುಕೊಂಡದ್ದಕ್ಕೆ 280. ನಾಲ್ಕೂ ಬಟ್ಟಲೇ ಅಲ್ವಾ? ಆ್ಯಪ್ ಯಾವುದನ್ನು ಬಟ್ಟಲು ಅನ್ನುತ್ತದೆ?

ಅದೂ ಹೋಗಲಿ, ಒಳಗಿರುವ ಸಾರು ಎಂಥದ್ದು? ಬಸ್ಸಾರು ಅಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು. ಅದು ತೆಳ್ಳಗೆ. ಬೇಳೆ, ತೆಂಗಿನಕಾಯಿ ರುಬ್ಬಿ ಹಾಕಿದ ಹುರುಳಿಕಾಯಿ ಸಾರು ಗಟ್ಟಿ. ಒಗ್ಗರಣೆಗೆ ನಮ್ಮತ್ತೆ ಎಣ್ಣೆ ಹಾಕುವುದು ಕೈಯಂದಾಜಿನಲ್ಲಿ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಹಿಟ್ಟಿನಲ್ಲೋ ಬೇಳೆಯಲ್ಲೋ ಇರುವ ಪಿಷ್ಟ, ಪ್ರೋಟೀನ್‌ನಲ್ಲಿ ಗ್ರಾಂಗೆ 4. ಅತ್ತೆಯ ಕೈ ಸ್ವಲ್ಪ ಓರೆಯಾದರೂ ಲೆಕ್ಕ ಬದಲಾಗುತ್ತದೆ. ತಟ್ಟೆಯ ಫೋಟೊ ತೆಗೆದರೆ ಸಾಕು, ತಾನೇ ಹೇಳುತ್ತೇನೆ ಅನ್ನುತ್ತಿತ್ತು ಆ ಆ್ಯಪ್. ಸಾರಿನೊಳಗೆ ಕರಗಿದ ಕಾಯಿ, ಎಣ್ಣೆ ಫೋಟೊದಲ್ಲಿ ಎಲ್ಲಿ ಕಾಣುತ್ತದೆ? ಅದರ ಸಲಹೆಗಾರರನ್ನೂ ಕೇಳಿದೆ. ಸಾರಿನ ಬದಲು ಸೂಪ್ ಕುಡಿಯಿರಿ ಅಂದರು. ಮನೆಯಲ್ಲಿ ಐದು ಜನಕ್ಕೆ ಒಂದೇ ಒಲೆ. ನನಗೊಬ್ಬರಿಗೆ ಸೂಪ್ ಮಾಡುವವರು ಯಾರು?

ಹೆಜ್ಜೆ ಎಣಿಸುವ ಸ್ಮಾರ್ಟ್ ವಾಚಿನ ಬಗ್ಗೆ ಒಂದೇ ಮಾತು. ನಡೆದು ಕರಗಿಸಿದ್ದು ಅಂತ ಅದು ತೋರಿಸುವ ಕ್ಯಾಲೊರಿಯನ್ನು ಮತ್ತೆ ತಿಂದು ತುಂಬಿಸಬೇಡಿ.

ಈಗ ತಕ್ಕಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ದೊಡ್ಡ ಪಟ್ಟಿಯೊಂದನ್ನು ಹೊರತಂದಿದೆ. ನಮ್ಮ ದೇಶದಲ್ಲಿ ಸಿಗುವ 528 ಆಹಾರಗಳನ್ನು ಪರೀಕ್ಷಿಸಿ ಮಾಡಿದ್ದು. ಅದರಲ್ಲಿ ರಾಗಿ ಇದೆ, ತೊಗರಿಬೇಳೆ ಇದೆ, ನುಗ್ಗೆಸೊಪ್ಪೂ ಇದೆ. ಒಂದು ತೊಡಕು: ಅಲ್ಲಿ ಶಕ್ತಿಯನ್ನು ಕೊಟ್ಟಿರುವುದು ಕಿಲೋಜೂಲ್‌ನಲ್ಲಿ. 4.184ರಿಂದ ಭಾಗಿಸಿದರೆ ನಮ್ಮ ಕ್ಯಾಲೊರಿ ಸಿಗುತ್ತದೆ. ರಾಗಿ ನೂರು ಗ್ರಾಂಗೆ 1,342 ಅಂತಿದೆ, ಅಂದರೆ 321 ಕ್ಯಾಲೊರಿ. ನಮ್ಮ ಮನೆಗೆ ಬರುವ ನಲವತ್ತು ಸಾಮಾನಿಗೆ ಒಂದು ಸಂಜೆ ಕೂತು ಹೀಗೆ ಭಾಗಿಸಿ, ನೋಟ್‌ಬುಕ್ಕಿನ ಮೊದಲ ಎರಡು ಪುಟದಲ್ಲಿ ಬರೆದುಕೊಂಡೆ. ಆಮೇಲೆ ಮತ್ತೆ ಆ ಪಟ್ಟಿ ತೆರೆಯುವ ಪ್ರಮೇಯ ಬಂದಿಲ್ಲ.

ಸಾರಿನ ಲೆಕ್ಕ ಹೀಗೆ. ತೊಗರಿಬೇಳೆ 150 ಗ್ರಾಂ, 496 ಕ್ಯಾಲೊರಿ. ಹುರುಳಿಕಾಯಿ ಕಾಲು ಕೆಜಿ, 61. ತೆಂಗಿನತುರಿ 50 ಗ್ರಾಂ, 205. ಎಣ್ಣೆ 20 ಗ್ರಾಂ, 180. ಒಟ್ಟು 942. ಖಾಲಿ ಪಾತ್ರೆ 640 ಗ್ರಾಂ ತೂಗುತ್ತದೆ. ಸಾರು ತುಂಬಿದ ಮೇಲೆ 2,440. ಹಾಗಾದರೆ ಸಾರೇ 1,800 ಗ್ರಾಂ, ನೂರು ಗ್ರಾಂಗೆ 52. ನನ್ನ ಎರಡು ಸೌಟು ಸಾರು ಸರಿಯಾಗಿ 200 ಗ್ರಾಂ, ಅಂದರೆ 105 ಕ್ಯಾಲೊರಿ. ಬಟ್ಟಲಿನ ಹಂಗೇ ಇಲ್ಲ! ಮುದ್ದೆ ಇನ್ನೂ ಸುಲಭ. ಅರ್ಧ ಕೆಜಿ ಹಿಟ್ಟಿಗೆ ಎಷ್ಟು ಮುದ್ದೆ ಬಂತು ಅಂತ ಎಣಿಸಿದರೆ ಮುಗಿಯಿತು. ನಮ್ಮಲ್ಲಿ ಆರು ಬರುತ್ತದೆ, ಒಂದಕ್ಕೆ 267.

ಹೀಗೆ ತೂಗಲು ಶುರು ಮಾಡಿದ ಮೇಲೆ ಗೊತ್ತಾಯಿತು, ನನ್ನ ತೂಕ ಏರಿಸಿದ್ದು ಮುದ್ದೆಯೂ ಅಲ್ಲ, ಸಾರೂ ಅಲ್ಲ. ಸಂಜೆ ಸುಮ್ನೆ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ ಕಡಲೆಕಾಯಿ ಬೀಜ ತೂಗಿದರೆ 45 ಗ್ರಾಂ, 234 ಕ್ಯಾಲೊರಿ. ಹತ್ತಿರ ಹತ್ತಿರ ಒಂದು ಮುದ್ದೆ. ದಿನಕ್ಕೆ ಮೂರು ಕಾಫಿಯ ಸಕ್ಕರೆ 30 ಗ್ರಾಂ, 120. ಇವೆರಡನ್ನು ಎರಡೂ ಆ್ಯಪ್‌ಗಳಲ್ಲಿ ನಾನು ಒಂದು ದಿನವೂ ಬರೆದಿರಲಿಲ್ಲ. ಊಟ ಅಂತ ಅನಿಸಿರಲಿಲ್ಲ ಅಷ್ಟೆ. ನೋಟ್‌ಬುಕ್ ಒಲೆಯ ಪಕ್ಕದಲ್ಲೇ ಇರುವುದರಿಂದ ಈಗ ಬರೆಯದೆ ಕೈ ಚಾಚುವುದಿಲ್ಲ.

ತಕ್ಕಡಿಗೆ ಕೊರತೆ ಇಲ್ಲ ಅಂತಲ್ಲ. ಹೋಟೆಲಿನ ಮಸಾಲೆ ದೋಸೆಗೆ ಅದರಲ್ಲಿ ಉತ್ತರವಿಲ್ಲ. ಮದುವೆಗೆ ಹೋದ ದಿನ ಪುಟದಲ್ಲಿ 'ಮದುವೆ ಊಟ' ಅಂತಷ್ಟೇ ಬರೆದು ಬಿಡುತ್ತೇನೆ. ಪಿಜಿಯಲ್ಲಿ ಇರುವವರಿಗೆ, ದಿನಾ ಹೊರಗೆ ತಿನ್ನುವವರಿಗೆ, ಅಡುಗೆಮನೆ ತಮ್ಮ ಕೈಯಲ್ಲಿ ಇಲ್ಲದವರಿಗೆ ನಮ್ಮ ದೇಶದ ಆ್ಯಪಿನ ಪುಕ್ಕಟೆ ಭಾಗವೇ ವಾಸಿ. ದುಡ್ಡು ಕಟ್ಟುವ ಮುಂಚೆ ಒಂದು ತಿಂಗಳು ಅದನ್ನೇ ಬಳಸಿ ನೋಡಿ. ಸಕ್ಕರೆಗೆ ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಇಳಿಸಬೇಡಿ, ಸಕ್ಕರೆ ದಿಢೀರನೆ ಕೆಳಗೆ ಬಿದ್ದರೆ ಅಪಾಯ.

ನನಗೆ ಐದು ತಿಂಗಳಲ್ಲಿ 81ರಿಂದ 75.5 ಆಗಿದೆ. ಎಚ್‌ಬಿಎ1ಸಿ 5.6. ತಕ್ಕಡಿಯ ಸೆಲ್ ಒಮ್ಮೆ ಬದಲಾಯಿಸಿದ್ದೇನೆ.

ಖಾಲಿ ಪಾತ್ರೆಯ ತೂಕವನ್ನು ಮಾರ್ಕರ್‌ನಲ್ಲಿ ತಳಕ್ಕೆ ಬರೆದರೆ ಎರಡು ಸಲ ಉಜ್ಜುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಹೋದ ತಿಂಗಳು ಸಾರಿನ ಪಾತ್ರೆಯನ್ನು ಪೇಟೆಯ ಪಾತ್ರೆ ಅಂಗಡಿಗೆ ತೆಗೆದುಕೊಂಡು ಹೋದೆ. ಅತ್ತೆಯ ಮದುವೆಗೆ ಬಂದ ಪಾತ್ರೆ ಅದು, ಕಂಠದ ಕೆಳಗೆ ಅವರ ಹೆಸರು ಕೆತ್ತಿದೆ. ಪಕ್ಕದಲ್ಲಿ 640 ಅಂತ ಕೆತ್ತಿಕೊಡಿ ಅಂದೆ. ಇದೇನು ತಾರೀಖಾ ಅಂತ ಕೇಳಿದರು ಅಂಗಡಿಯವರು. ತೂಕ ಅಂದೆ. ಹತ್ತು ರೂಪಾಯಿ ತಗೊಂಡರು. ಈಗ ಸಾರಿಗೆ ಎಣ್ಣೆ ಹಾಕುವ ಮೊದಲು ಅತ್ತೆಯೇ ತಕ್ಕಡಿ ಕೇಳುತ್ತಾರೆ.