ಹೂದಾನಿಗೆ ಯಾವುದು ಒಳ್ಳೆಯದು: ಜಿನಿಯಾನಾ, ಆಸ್ಟರಾ?

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ಹೂದಾನಿಗೆ ಮನೆಯಲ್ಲೇ ಹೂ ಬೆಳೆಯುವವರಿಗೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜಿನಿಯಾ, ಚೈನಾ ಆಸ್ಟರ್, ಕಾಸ್ಮಾಸ್ ಮೂರನ್ನೂ ಹಿತ್ತಲಿನ ಎರೆ ಮಣ್ಣಿನಲ್ಲಿ ಪಕ್ಕಪಕ್ಕದಲ್ಲೇ ಬೆಳೆಸಿ ನೋಡಿದ್ದೇನೆ.

ಕಾಸ್ಮಾಸ್ ಬಗ್ಗೆ ಹೇಳುವುದು ಕಡಿಮೆ. ಬೀಜ ಚೆಲ್ಲಿದರೆ ಸಾಕು, ಬೆಳೆಯುತ್ತದೆ. ನೋಡಲು ಚೆಂದ. ಆದರೆ ಕತ್ತರಿಸಿ ತಂದ ಹೂ ನಾಲ್ಕೈದು ದಿನಕ್ಕೇ ಉದುರುತ್ತದೆ. ಗೊಬ್ಬರ ಜಾಸ್ತಿ ಕೊಟ್ಟರೆ ಬರೀ ಸೊಪ್ಪು.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಜಿನಿಯಾ ಬೀಜವನ್ನು ನೇರ ಮಡಿಗೇ ಹಾಕಬಹುದು, ಒಂದು ವಾರದೊಳಗೆ ಮೊಳಕೆ. ಎರಡು ತಿಂಗಳಿಗೆ ಹೂ. ಆಸ್ಟರ್ ಬೀಜ ಸಣ್ಣದು. ಎರೆ ಮಣ್ಣು ಒಣಗಿ ಗಟ್ಟಿಯಾದರೆ ಮೊಳಕೆ ಮೇಲೆ ಬರುವುದೇ ಇಲ್ಲ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಸಸಿ ಮಾಡಿಕೊಂಡು ಆಮೇಲೆ ನೆಡಬೇಕು. ಹೂ ನೋಡಲು ಮೂರು ತಿಂಗಳಾದರೂ ಕಾಯಬೇಕು.

ಆಸ್ಟರ್‌ಗೆ ನಮ್ಮ ಮಣ್ಣಲ್ಲಿ ದೊಡ್ಡ ಶತ್ರು ಸೊರಗು ರೋಗ. ಬೇರು ಮೇಲಿನ ಪದರದಲ್ಲೇ ಇರುತ್ತದೆ. ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ಬೀಳುತ್ತದೆ, ಮದ್ದು ಹಾಕಿದರೂ ಏಳುವುದಿಲ್ಲ. ಏರುಮಡಿ ಮಾಡಿ, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ. ಒಮ್ಮೆ ಸೊರಗು ಬಂದ ಜಾಗದಲ್ಲಿ ಮತ್ತೆ ಆಸ್ಟರ್ ಹಾಕಲೇಬೇಡಿ. ಜಿನಿಯಾಗೆ ಕಾಟ ಕೊಡುವುದು ಬೂದಿ ರೋಗ, ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ. ಅಡಿಗೊಂದು ಗಿಡ ಬಿಟ್ಟು, ಬುಡಕ್ಕಷ್ಟೇ ನೀರು ಹಾಕಿದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಹೂ ಕೊಡುವ ರೀತಿಯೇ ಬೇರೆ. ಜಿನಿಯಾಗೆ ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಿ. ಆಮೇಲೆ ಕತ್ತರಿಸಿದಷ್ಟೂ ಕೆಳಗಿನಿಂದ ಹೊಸ ಕವಲು ಬರುತ್ತಲೇ ಇರುತ್ತದೆ. ಆಸ್ಟರ್ ಒಂದೇ ಸಲ ಹೂ ಬಿಟ್ಟು ಮುಗಿಸುತ್ತದೆ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬೀಜ ಹಾಕುವುದು ವಾಸಿ.

ಆದರೆ ಹೂದಾನಿಯಲ್ಲಿ ಆಸ್ಟರ್ ಗೆಲ್ಲುತ್ತದೆ. ಕಾಂಡದ ಎಲೆ ಪೂರ್ತಿ ತೆಗೆದು, ದಿನವೂ ನೀರು ಬದಲಿಸಿದರೆ ವಾರ ದಾಟಿಯೂ ಇರುತ್ತದೆ. ಎಲೆ ಬಿಟ್ಟರೆ ಅದು ಮೊದಲು ಕೊಳೆತು ನೀರು ನಾರುತ್ತದೆ. ಜಿನಿಯಾ ಒಂದು ವಾರ. ಮೊಗ್ಗಾಗಿ ಕತ್ತರಿಸಿದರೆ ಅದು ಮತ್ತೆ ಅರಳುವುದೇ ಇಲ್ಲ. ಹೂವಿನ ಕೆಳಗೆ ಒಂದು ಗೇಣು ದೂರದಲ್ಲಿ ಕಾಂಡ ಹಿಡಿದು ಅಲ್ಲಾಡಿಸಿ: ತಲೆ ಬಾಗಿದರೆ ಬಿಡಿ, ನೆಟ್ಟಗಿದ್ದರೆ ಕತ್ತರಿಸಿ.

ಬಣ್ಣದ ಮಾತಿಗೆ ಬಂದರೆ ನನಗೆ ಆಸ್ಟರೇ ಇಷ್ಟ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಕಾಮಿನಿ ಗುಲಾಬಿ, ಪೂರ್ಣಿಮಾ ಬಿಳಿ, ವಯಲೆಟ್ ಕುಶನ್ ನೇರಳೆ. ಮೂರನ್ನೂ ಒಟ್ಟಿಗೆ ಇಟ್ಟರೆ ಮನೆಗೇ ಕಳೆ! ಅವ್ವನೂ ಪೂಜೆಗೆ ಅದನ್ನೇ ಕೇಳುತ್ತಾಳೆ.

ಒಂದೇ ಮಡಿಗೆ ಜಾಗ ಇರುವವರಿಗೆ ನಾನು ಜಿನಿಯಾನೇ ಹೇಳುತ್ತೇನೆ. ಆಸ್ಟರ್‌ಗೆ ಸೆಪ್ಟೆಂಬರ್‌ನಲ್ಲಿ ಸಸಿ ಹಾಕಲು ಶುರು ಮಾಡಿದರಷ್ಟೇ ಸುಖ, ಬೇಸಿಗೆಯಲ್ಲಿ ಸುಮ್ನೆ ಬೀಜ ಹಾಳು. ಜಿನಿಯಾವನ್ನು ಫೆಬ್ರವರಿಯಲ್ಲಿ ಇನ್ನೊಂದು ಸಲ ಬಿತ್ತಬಹುದು, ಬುಡಕ್ಕೆ ಒಣಹುಲ್ಲು ಮುಚ್ಚಿ ಬೆಳಗ್ಗೆಯೇ ನೀರು ಕೊಟ್ಟರೆ ಆಯಿತು.